ಕಲಾ ಗ್ರಂಥಾಲಯದ ಸಂಗ್ರಹದ ಬಗ್ಗೆ ಪುಸ್ತಕ: ಪ್ರಸ್ತಾವದಿಂದ ಅಚ್ಚಿನವರೆಗೆ

ವಿಜಯಪುರದ ಆದಿಲ್‌ಶಾಹಿ ಅರಮನೆಯಲ್ಲಿ 1570ರ ಹೊತ್ತಿಗೆ ತಯಾರಾದ 'ನುಜೂಮ್ ಅಲ್-ಉಲೂಮ್' ಎಂಬ ಚಿತ್ರಗಳ ಹಸ್ತಪ್ರತಿ ಈಗ ಐರ್ಲೆಂಡಿನ ಡಬ್ಲಿನ್‌ನಲ್ಲಿದೆ, ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿ. 'ಪೇಮ್ ನೇಮ್' ಎಂಬ ಪ್ರೇಮಕಥೆಯ ಚಿತ್ರಪ್ರತಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ವಿಜಯಪುರದ ಆಸಾರ್ ಮಹಲಿನಲ್ಲಿ ಉಳಿದಿದ್ದ ಹಸ್ತಪ್ರತಿಗಳು 19ನೇ ಶತಮಾನದ ನಡುವಿನಲ್ಲಿ ಲಂಡನ್ನಿಗೆ, ಭಾರತದ ಆಡಳಿತ ನೋಡುತ್ತಿದ್ದ ಇಂಡಿಯಾ ಆಫೀಸಿನ ಸಂಗ್ರಹಕ್ಕೆ ಹೋದವು. ಅಲ್ಲಿನ ಅರಬ್ಬಿ ಹಸ್ತಪ್ರತಿಗಳ ಪಟ್ಟಿಯನ್ನು ಆಟೋ ಲೋತ್ 1877ರಲ್ಲಿ ಅಚ್ಚು ಹಾಕಿಸಿದ. ಪುಸ್ತಕಗಳು ಊರು ಬಿಟ್ಟು ಹೋದವಲ್ಲ ಅಂತ ಬೇಸರವಾಗುತ್ತದೆ, ನಿಜ. ಆದರೆ ಯಾವ ಪ್ರತಿ ಎಲ್ಲಿದೆ ಅಂತ ಇವತ್ತು ಬೆರಳಿಟ್ಟು ಹೇಳಲು ಸಾಧ್ಯವಾಗಿರುವುದು ಯಾರೋ ಕೂತು ಪಟ್ಟಿ ಮಾಡಿ ಪ್ರಕಟಿಸಿದ್ದರಿಂದ.

ಇಲ್ಲೇ ಉಳಿದಿರುವ ಸಂಗ್ರಹಗಳಿಗೂ ಆ ಕೆಲಸ ಬೇಕು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಚಿತ್ರಕಲಾ ಶಾಲೆಗಳ ಕಪಾಟುಗಳಲ್ಲಿ, ಮಠಗಳ ಪುಸ್ತಕಕೋಣೆಗಳಲ್ಲಿ, ನಿವೃತ್ತ ಡ್ರಾಯಿಂಗ್ ಮಾಸ್ತರರ ಮನೆಯ ಟ್ರಂಕುಗಳಲ್ಲಿ ಇರುವುದರ ಬಗ್ಗೆ ಒಂದು ಪುಸ್ತಕ ಮಾಡಬೇಕು ಅಂತ ಯಾರಿಗಾದರೂ ಅನಿಸಿದರೆ ಎಲ್ಲಿಂದ ಶುರು ಮಾಡಬೇಕು? ಪ್ರಕಾಶಕರಿಗೆ ಏನು ಬರೆದು ಕಳಿಸಬೇಕು? ಚಿತ್ರ ಅಚ್ಚು ಹಾಕಲು ಯಾರ ಒಪ್ಪಿಗೆ ಬೇಕು? ಒಂದೊಂದಾಗಿ ನೋಡೋಣ.

ಮೊದಲು, ಕಲಾ ಗ್ರಂಥಾಲಯ ಅಂದರೆ ಬರೀ ಚಿತ್ರಕಲೆಯ ಪುಸ್ತಕಗಳಲ್ಲ. ಪ್ರದರ್ಶನದ ಆಮಂತ್ರಣ ಪತ್ರಿಕೆ, ಹರಾಜಿನ ಕ್ಯಾಟಲಾಗ್, ಕಲಾವಿದರ ಪತ್ರಗಳು, ಸ್ಕೆಚ್ ಪುಸ್ತಕ, ಗಾಜಿನ ನೆಗೆಟಿವ್, ನೇಕಾರರ ಮಾದರಿ ತುಣುಕು, ನಾಟಕ ಕಂಪನಿಯ ಹ್ಯಾಂಡ್‌ಬಿಲ್ಲು, ಎಲ್ಲವೂ ಅದರೊಳಗೆ ಬರುತ್ತವೆ. ನನ್ನ ಪ್ರಕಾರ ಇಂಥ ಬಿಡಿ ಕಾಗದಗಳೇ ಹೆಚ್ಚು ಬೆಲೆಯವು. ಅಚ್ಚಾದ ಪುಸ್ತಕದ ಇನ್ನೊಂದು ಪ್ರತಿ ಬೇರೆಲ್ಲಾದರೂ ಸಿಕ್ಕೀತು. ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯ ಸಂಘದ ಕಾಲದ ಒಂದು ಹ್ಯಾಂಡ್‌ಬಿಲ್ಲು ಆಟ ಮುಗಿದ ಮರುದಿನವೇ ರದ್ದಿ. ಅದು ಯಾರ ಮನೆಯಲ್ಲಾದರೂ ಉಳಿದಿದ್ದರೆ ಅದೃಷ್ಟ ಅನ್ನಬೇಕು.

ಸಂಗ್ರಹ ಇದೆ, ಪ್ರಶ್ನೆ ಎಲ್ಲಿ?

ಇಂಥ ಪ್ರಸ್ತಾವಗಳು ಬಿದ್ದುಹೋಗುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. 'ನಮ್ಮ ಗ್ರಂಥಾಲಯದಲ್ಲಿ ಇಷ್ಟು ಸಾವಿರ ಅಪರೂಪದ ವಸ್ತುಗಳಿವೆ, ಅವುಗಳ ಬಗ್ಗೆ ಪುಸ್ತಕ ಮಾಡುತ್ತೇವೆ' ಅಂತ ಬರೆದಿರುತ್ತಾರೆ. ಓದಿದ ಸಂಪಾದಕರಿಗೆ ಏಳುವುದು ಒಂದೇ ಮಾತು: 'ಇದ್ದರೆ ಇರಲಿ, ಅದರಿಂದ ಏನು ಗೊತ್ತಾಗುತ್ತದೆ?' ಸಂಗ್ರಹ ತಾನಾಗಿಯೇ ವಿಷಯ ಆಗುವುದಿಲ್ಲ. ಆ ಸಂಗ್ರಹ ಇಲ್ಲದಿದ್ದರೆ ಉತ್ತರಿಸಲಾಗದ ಒಂದು ಪ್ರಶ್ನೆ ಬೇಕು.

ಉದಾಹರಣೆಗೆ, ಗುಳೇದಗುಡ್ಡದಲ್ಲಿ ಯಾರದೋ ಮನೆಯಲ್ಲಿ ಖಣದ ಮಾದರಿ ತುಣುಕುಗಳನ್ನು ಅಂಟಿಸಿದ ದಪ್ಪ ಪುಸ್ತಕವೊಂದು ಸಿಕ್ಕಿತು ಅಂದುಕೊಳ್ಳಿ. ತೇರು, ಆನೆ ಹೆಜ್ಜೆ, ಸೂಜಿಮಲ್ಲಿಗೆಯಂಥ ಎಷ್ಟೋ ನಮೂನೆಗಳು, ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ವ್ಯಾಪಾರಿಯ ಊರು, ದರ, ಇಸವಿ. 'ಗುಳೇದಗುಡ್ಡದ ಖಣಗಳ ಸೊಬಗು' ಅಂತ ಪ್ರಸ್ತಾವ ಹೋದರೆ ಅದು ಇನ್ನೊಂದು ಬಣ್ಣದ ಪುಸ್ತಕ ಅಷ್ಟೇ. ಅದೇ 'ಯಾವ ನಮೂನೆ ಯಾವ ಪೇಟೆಗೆ ಹೋಗುತ್ತಿತ್ತು, ಯಾವ ವರ್ಷದಿಂದ ಹತ್ತಿಯ ಜಾಗಕ್ಕೆ ಬೇರೆ ನೂಲು ಬಂತು, ಯಾವ ನಮೂನೆ ನೇಯುವುದು ನಿಂತುಹೋಯಿತು' ಅಂತ ಕೇಳಿ ನೋಡಿ. ಈಗ ಆ ಪೆನ್ಸಿಲ್ ಗೀಚು ಸಾಕ್ಷಿ ಆಯಿತು. ಜವಳಿ ಇತಿಹಾಸ ಓದುವವರಿಗೂ ಬೇಕು, ಇಳಕಲ್ ಸೀರೆಯ ವ್ಯಾಪಾರಿಗೂ ಬೇಕು, ಇವತ್ತಿನ ನೇಕಾರರಿಗೂ ಬೇಕು.

ಇದು ಹೊಸ ಬುದ್ಧಿಯೇನಲ್ಲ. ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿದ್ದುಕೊಂಡು ವಚನಗಳ ಓಲೆಗರಿ ಕಟ್ಟುಗಳನ್ನು ಕೂಡಿಹಾಕಿದರು. ಸಿಕ್ಕ ಕಟ್ಟುಗಳನ್ನು ಸಿಕ್ಕ ಹಾಗೆಯೇ ಅಚ್ಚಿಗೆ ಕೊಡಲಿಲ್ಲ. ವಿಷಯವಾರು ವಿಂಗಡಿಸಿದರು. ಹಾಗೆ ವಿಂಗಡಿಸಿದ 'ವಚನಶಾಸ್ತ್ರಸಾರ'ದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಆಮೇಲೆ ಹಿತಚಿಂತಕ ಮುದ್ರಣಾಲಯ, 1926ರಲ್ಲಿ 'ಶಿವಾನುಭವ' ಪತ್ರಿಕೆ, ಅದಕ್ಕಾಗಿ ಮನೆ ಮಾರಿದ ಕಥೆ, ಇವು ನಮ್ಮ ಕಡೆ ಎಲ್ಲರಿಗೂ ಗೊತ್ತು. ನಾವು ಮನೆ ಮಾರಿದ್ದನ್ನು ಜಾಸ್ತಿ ಹೇಳುತ್ತೇವೆ, ವಿಂಗಡಿಸಿದ್ದನ್ನು ಕಡಿಮೆ ಹೇಳುತ್ತೇವೆ. ಪುಸ್ತಕ ನಿಂತದ್ದು ಎರಡನೆಯದರ ಮೇಲೆ.

ಪ್ರಶ್ನೆ ಯಾವುದು ಅಂತ ಗೊತ್ತಾದರೆ ಪುಸ್ತಕದ ರೂಪವೂ ಅರ್ಧ ತೀರ್ಮಾನವಾಗುತ್ತದೆ. ಪ್ರತಿಯೊಂದು ವಸ್ತುವಿನ ವಿವರ ಬೇಕಿದ್ದರೆ ಕ್ಯಾಟಲಾಗ್. ಸಂಶೋಧಕರಿಗೆ 'ಯಾವ ಪೆಟ್ಟಿಗೆಯಲ್ಲಿ ಏನಿದೆ' ಅಂತ ತೋರಿಸಿದರೆ ಸಾಕು ಅನ್ನುವುದಾದರೆ ಚಿಕ್ಕ ಕೈಪಿಡಿ. ಸಂಗ್ರಹ ಮಾಡಿದವರ ಕಥೆಯೇ ದೊಡ್ಡದಾಗಿದ್ದರೆ ಸಂಗ್ರಹದ ಇತಿಹಾಸ. ಒಂದೇ ಅಪರೂಪದ ಪ್ರತಿ ಇದ್ದರೆ ಅದರ ಪಡಿಯಚ್ಚು, ಜೊತೆಗೆ ಒಂದು ದೀರ್ಘ ಮುನ್ನುಡಿ. ಎಷ್ಟೋ ಸಲ ಪುಸ್ತಕವೇ ಬೇಕಾಗಿರುವುದಿಲ್ಲ, ಹದಿನೈದು ಪುಟದ ಒಂದು ಲೇಖನದಲ್ಲಿ ಕೆಲಸ ಮುಗಿಯುತ್ತದೆ. ಲೇಖನಕ್ಕೆ ಸಾಕಾಗುವ ವಿಷಯವನ್ನು ಎಳೆದು ಎಳೆದು ಪುಸ್ತಕ ಮಾಡುವುದು ನಮ್ಮಲ್ಲಿ ಮಾಮೂಲಿ ಆಗಿಬಿಟ್ಟಿದೆ.

ಪ್ರಸ್ತಾವಕ್ಕೂ ಮೊದಲು ಪಟ್ಟಿ

ಬರೆಯುವ ಉತ್ಸಾಹ ಇದ್ದವರಿಗೆ ಇದು ಬೇಜಾರಿನ ಕೆಲಸ. ಆದರೂ ಪಟ್ಟಿ ಇಲ್ಲದೆ ಪ್ರಸ್ತಾವ ಬರೆಯಬೇಡಿ. ಒಂದು ಸಾದಾ ಎಕ್ಸೆಲ್ ಹಾಳೆ ಸಾಕು. ಪ್ರತಿ ವಸ್ತುವಿಗೆ ಒಂದು ನಂಬರು, ಹೆಸರು, ಮಾಡಿದವರು, ಕಾಲ, ಯಾವುದರಿಂದ ಮಾಡಿದ್ದು, ಅಳತೆ, ಸ್ಥಿತಿ, ಅದರ ಮೇಲಿನ ಬರಹ, ಎಲ್ಲಿಂದ ಬಂತು. ಗ್ರಂಥಾಲಯದ ಅಕ್ಸೆಶನ್ ರಿಜಿಸ್ಟರ್ (ಬಂದ ವಸ್ತುಗಳಿಗೆ ನಂಬರು ಹಾಕಿ ಬರೆದಿಡುವ ಪುಸ್ತಕ) ಇದ್ದರೆ ಆ ನಂಬರನ್ನೇ ಇಟ್ಟುಕೊಳ್ಳಿ. ಹೊಸ ನಂಬರು ಕೊಟ್ಟು ಹಳೆಯದನ್ನು ಬಿಟ್ಟರೆ ಮುಂದೆ ಬರುವವರಿಗೆ ಎರಡೂ ತಾಳೆ ಆಗುವುದಿಲ್ಲ.

'ಎಲ್ಲಿಂದ ಬಂತು' ಅನ್ನುವ ಕಾಲಮ್ಮನ್ನು ಖಾಲಿ ಬಿಡುವವರೇ ಜಾಸ್ತಿ. ಕಲಾ ಸಂಗ್ರಹದಲ್ಲಿ ಅದೇ ಮುಖ್ಯ. ಯಾರು ಕೊಟ್ಟರು, ಯಾವಾಗ ಕೊಟ್ಟರು, ಅದಕ್ಕೂ ಮೊದಲು ಯಾರ ಹತ್ತಿರ ಇತ್ತು? ಈ ಸರಣಿಯಿಂದಲೇ ಕೃತಿ ಅಸಲಿ ಅನ್ನುವುದು ಖಾತ್ರಿಯಾಗುತ್ತದೆ. ಕದ್ದ ಮಾಲಲ್ಲ ಅನ್ನುವುದಕ್ಕೂ ಅದೇ ಆಧಾರ. 1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ಶಿಲ್ಪ, ಚಿತ್ರ ಮತ್ತು 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ ಪುರಾತನ ವಸ್ತು ಆಗುತ್ತವೆ. ಅವನ್ನು ದೇಶದ ಹೊರಗೆ ಕಳಿಸುವುದಕ್ಕೆ ಖಾಸಗಿಯವರಿಗೆ ಅವಕಾಶವಿಲ್ಲ. ನಿಮ್ಮ ಪುಸ್ತಕದಲ್ಲಿ ಇಂಥ ವಸ್ತು ಬಂದರೆ ಅದರ ಹಿನ್ನೆಲೆಯ ಬಗ್ಗೆ ಪ್ರಶ್ನೆ ಬರುತ್ತದೆ. ಉತ್ತರ ಮೊದಲೇ ಸಿದ್ಧ ಇರಲಿ. ಇನ್ನೊಂದು ಮಾತು: ಖಾಸಗಿ ಮನೆಯ ಸಂಗ್ರಹವಾದರೆ ಮನೆಯ ವಿಳಾಸ ಪುಸ್ತಕದಲ್ಲಿ ಹಾಕಬೇಡಿ. ಕಳ್ಳರೂ ಪುಸ್ತಕ ಓದುತ್ತಾರೆ.

ವಸ್ತುಗಳನ್ನು ಹೆಸರಿಸುವಾಗ ಊರಿನ ಹೆಸರನ್ನೂ ಜಗತ್ತಿನ ಹೆಸರನ್ನೂ ಜೋಡಿಯಾಗಿ ಬರೆಯಿರಿ. ಸೀರೆಯ ಸೆರಗಿನ ನಮೂನೆಗೆ ಇಳಕಲ್ಲಿನಲ್ಲಿ 'ತೋಪ ತೆನಿ' ಅಂದರೆ ಸಾಕು, ನ್ಯೂಯಾರ್ಕಿನಲ್ಲಿ ಹುಡುಕುವವರಿಗೆ ಅದು ಸಿಗುವುದಿಲ್ಲ. ಅಮೆರಿಕದ ಗೆಟ್ಟಿ ಸಂಸ್ಥೆ 'ಆರ್ಟ್ ಆ್ಯಂಡ್ ಆರ್ಕಿಟೆಕ್ಚರ್ ಥೆಸಾರಸ್' ಎಂಬ ಪದಕೋಶ ನಡೆಸುತ್ತದೆ. ಅದರಲ್ಲಿ ಕಲೆ, ವಾಸ್ತು, ಕರಕುಶಲಕ್ಕೆ ಸೇರಿದ ಪದಗಳಿಗೆ ಒಂದೊಂದು ಗುರುತಿನ ಸಂಖ್ಯೆ ಇದೆ. ನೆಟ್‌ನಲ್ಲಿ ಪುಕ್ಕಟೆ ನೋಡಬಹುದು. ಪಟ್ಟಿಯಲ್ಲಿ ಆ ಸಂಖ್ಯೆಗೆ ಒಂದು ಕಾಲಮ್ ಇಟ್ಟರೆ ನಾಳೆ ನಿಮ್ಮ ಪಟ್ಟಿ ಬೇರೆ ಗ್ರಂಥಾಲಯಗಳ ಪಟ್ಟಿಯ ಜೊತೆ ಸುಲಭವಾಗಿ ಕೂಡುತ್ತದೆ.

ಪ್ರಸ್ತಾವದಲ್ಲಿ ಏನಿರಬೇಕು

ಒಳ್ಳೆಯ ಪ್ರಸ್ತಾವ ನಾಲ್ಕೈದು ಪುಟ ದಾಟುವುದಿಲ್ಲ. ಮೊದಲ ಪ್ಯಾರಾದಲ್ಲೇ ಸಂಗ್ರಹ ಯಾವುದು, ಪ್ರಶ್ನೆ ಯಾವುದು, ಉತ್ತರದಿಂದ ಯಾರಿಗೆ ಉಪಯೋಗ ಅನ್ನುವುದು ಬರಬೇಕು. ಆಮೇಲೆ ಅಧ್ಯಾಯಗಳ ಪಟ್ಟಿ, ಪ್ರತಿ ಅಧ್ಯಾಯಕ್ಕೆ ಮೂರ್ನಾಲ್ಕು ಸಾಲು. ಒಟ್ಟು ಎಷ್ಟು ಪದ, ಎಷ್ಟು ಚಿತ್ರ, ಅದರಲ್ಲಿ ಬಣ್ಣದವು ಎಷ್ಟು, ಎಷ್ಟರ ಹಕ್ಕು ಈಗಾಗಲೇ ಕೈಯಲ್ಲಿದೆ. ಯಾವಾಗ ಮುಗಿಸಿ ಕೊಡುತ್ತೀರಿ. ಇದೇ ವಿಷಯದ ಮೇಲೆ ಈಗಾಗಲೇ ಇರುವ ಪುಸ್ತಕಗಳಿಗಿಂತ ನಿಮ್ಮದು ಹೇಗೆ ಬೇರೆ. 'ಇದೇ ಮೊದಲ ಪುಸ್ತಕ' ಅಂತ ಸುಮ್ನೆ ಬರೆಯಬೇಡಿ. ವಿಜಯಪುರದ ಕಟ್ಟಡಗಳ ಬಗ್ಗೆ ಹೆನ್ರಿ ಕಸಿನ್ಸ್ 1916ರಲ್ಲೇ ದೊಡ್ಡ ಪುಸ್ತಕ ತಂದಿದ್ದಾನೆ, ದಖನಿ ಚಿತ್ರಕಲೆಯ ಬಗ್ಗೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2015ರಲ್ಲಿ ದೊಡ್ಡ ಪ್ರದರ್ಶನ ಮಾಡಿ ಕ್ಯಾಟಲಾಗ್ ಹೊರತಂದಿದೆ. ಓದುವ ತಜ್ಞರಿಗೆ ಇವೆಲ್ಲ ಗೊತ್ತಿರುತ್ತವೆ.

ಮಾದರಿ ಅಧ್ಯಾಯ ಒಂದನ್ನು ಜೊತೆಗಿಡಿ. ಕ್ಯಾಟಲಾಗ್ ಆದರೆ ಐದಾರು ವಸ್ತುಗಳ ಪೂರ್ತಿ ವಿವರ, ಚಿತ್ರ ಸಮೇತ. ನೀವು ಕೊಡುವ ಭರವಸೆಗಿಂತ ಆ ಐದು ವಿವರಗಳನ್ನು ಸಂಪಾದಕರು ಹೆಚ್ಚು ನಂಬುತ್ತಾರೆ.

ಸಂಗ್ರಹ ಬೇರೆಯವರದಾಗಿದ್ದರೆ ಅವರ ಲಿಖಿತ ಒಪ್ಪಿಗೆಯೂ ಪ್ರಸ್ತಾವದ ಜೊತೆಯಲ್ಲೇ ಹೋಗಬೇಕು. ನಮ್ಮ ಕಡೆ 'ಅಜ್ಜಾರು (ಮಠದ ಸ್ವಾಮಿಗಳು) ಹೂಂ ಅಂದಾರ' ಅಂತ ಬಾಯಿಮಾತಿನಲ್ಲಿ ನಡೆದುಹೋಗುತ್ತದೆ. ಅಜ್ಜಾರು ಬದಲಾದರೆ, ಟ್ರಸ್ಟಿಗಳು ಬದಲಾದರೆ, ಮಗ ಬೆಂಗಳೂರಿನಿಂದ ಬಂದು 'ಯಾರು ಹೇಳಿದರು?' ಅಂದರೆ ಎರಡು ವರ್ಷದ ಕೆಲಸ ನಿಲ್ಲುತ್ತದೆ. ಒಂದು ಪುಟದ ಪತ್ರ, ದಿನಾಂಕ, ಸಹಿ, ಅಷ್ಟೇ ಬೇಕಾಗಿರುವುದು.

ಕಳಿಸುವುದು ಎಲ್ಲಿಗೆ? ಕನ್ನಡದಲ್ಲಾದರೆ ಕರ್ನಾಟಕ ಲಲಿತಕಲಾ ಅಕಾಡೆಮಿ, ಹಂಪಿ ಕನ್ನಡ ವಿಶ್ವವಿದ್ಯಾಲಯದ ಪ್ರಸಾರಾಂಗ, ವಿಜಯಪುರದಲ್ಲೇ ಇರುವ ಬಿ.ಎಲ್.ಡಿ.ಇ. ಸಂಸ್ಥೆಯ ಫ.ಗು. ಹಳಕಟ್ಟಿ ಸಂಶೋಧನ ಕೇಂದ್ರ, ಇಂಥವು ನೆನಪಿಗೆ ಬರುತ್ತವೆ. ಇಂಗ್ಲಿಷಿನಲ್ಲಾದರೆ ಈ ವಿಷಯಕ್ಕೇ ಮೀಸಲಾದ ಸಂಘಗಳಿವೆ. ಬ್ರಿಟನ್ನಿನ ಕಲಾ ಗ್ರಂಥಾಲಯಗಳ ಸಂಘ 1969ರಲ್ಲಿ ಹುಟ್ಟಿತು, ಉತ್ತರ ಅಮೆರಿಕದ್ದು 1972ರಲ್ಲಿ. ಮೊದಲನೆಯದು ಶುರುಮಾಡಿದ 'ಆರ್ಟ್ ಲೈಬ್ರರೀಸ್ ಜರ್ನಲ್' 1976ರಿಂದ ಬರುತ್ತಿದೆ, ಈಗ ಕೇಂಬ್ರಿಜ್ ಯೂನಿವರ್ಸಿಟಿ ಪ್ರೆಸ್ ಅದರ ಪ್ರಕಾಶಕರು. ಎರಡನೆಯದರ 'ಆರ್ಟ್ ಡಾಕ್ಯುಮೆಂಟೇಶನ್' ಪತ್ರಿಕೆ ವರ್ಷಕ್ಕೆ ಎರಡು ಸಲ ಶಿಕಾಗೊ ಯೂನಿವರ್ಸಿಟಿ ಪ್ರೆಸ್ ಮೂಲಕ ಹೊರಬರುತ್ತದೆ. ಆ ಸಂಘ ಪುಸ್ತಕ ರೂಪದ ಬರಹಗಳಿಗೂ ಪ್ರಸ್ತಾವ ಕರೆಯುತ್ತದೆ. ದೊಡ್ಡ ಪುಸ್ತಕಕ್ಕೆ ಕೈಹಾಕುವ ಮೊದಲು ಇಂಥ ಪತ್ರಿಕೆಗೆ ಒಂದು ಲೇಖನ ಬರೆಯುವುದು ಜಾಣತನ ಅಂತ ನನಗೆ ಅನಿಸುತ್ತದೆ. ಅಲ್ಲಿ ತಜ್ಞರು ಹೆಸರು ಹೇಳದೆ ಓದಿ ಟಿಪ್ಪಣಿ ಕೊಡುತ್ತಾರೆ. ಟಿಪ್ಪಣಿ ಖಾರವಾಗಿಯೇ ಇರುತ್ತದೆ. ಪುಸ್ತಕದಲ್ಲಿ ಆಗಬಹುದಾಗಿದ್ದ ಎಡವಟ್ಟುಗಳು ಅಲ್ಲೇ ಸಿಕ್ಕಿಬೀಳುತ್ತವೆ.

ಚಿತ್ರ ನಿಮ್ಮದು, ಹಕ್ಕು ಯಾರದು?

ಕಲಾ ಪುಸ್ತಕಗಳು ವರ್ಷಗಟ್ಟಲೆ ತಡವಾಗುವುದು ಬರವಣಿಗೆಯಿಂದಲ್ಲ, ಚಿತ್ರದ ಹಕ್ಕಿನಿಂದ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಭಾರತದ ಹಕ್ಕುಸ್ವಾಮ್ಯ ಕಾಯ್ದೆ 1957ರದು. ಅದರ ಪ್ರಕಾರ ಚಿತ್ರದ ಒಡೆತನ ಬೇರೆ, ಅದನ್ನು ಅಚ್ಚು ಹಾಕುವ ಹಕ್ಕು ಬೇರೆ. ಬೆಳಗಾವಿಯ ಒಬ್ಬ ಕಲಾವಿದರ ಹತ್ತಿರ ನೀವು ದುಡ್ಡು ಕೊಟ್ಟು ಒಂದು ನಿಸರ್ಗಚಿತ್ರ ಕೊಂಡಿದ್ದೀರಿ. ಗೋಡೆಗೆ ಹಾಕಬಹುದು, ಮಾರಬಹುದು. ಪುಸ್ತಕದಲ್ಲಿ ಅಚ್ಚು ಹಾಕುವ ಹಕ್ಕು ಮಾತ್ರ ಕಲಾವಿದರ ಹತ್ತಿರವೇ ಉಳಿದಿರುತ್ತದೆ, ಅವರು ಬರೆದು ಕೊಟ್ಟಿದ್ದರೆ ಬೇರೆ ಮಾತು. ದುಡ್ಡು ಕೊಟ್ಟು ಹೇಳಿ ಬರೆಸಿದ ಭಾವಚಿತ್ರದ ಲೆಕ್ಕ ಬೇರೆ. ಅಲ್ಲಿ ಬೇರೆ ಒಪ್ಪಂದ ಇಲ್ಲದಿದ್ದರೆ ಬರೆಸಿದವರೇ ಮೊದಲ ಹಕ್ಕುದಾರರು.

ಈ ಹಕ್ಕು ಎಷ್ಟು ದಿನ ಇರುತ್ತದೆ? ಕಲಾವಿದರು ಅಥವಾ ಲೇಖಕರು ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ 60 ವರ್ಷ. ಮೊದಲು 50 ಇತ್ತು, 1992ರ ತಿದ್ದುಪಡಿಯಲ್ಲಿ 60 ಆಯಿತು. ಲೆಕ್ಕ ಹಾಕಿ ನೋಡಿ: ಹಳಕಟ್ಟಿಯವರು ತೀರಿಕೊಂಡದ್ದು 1964ರಲ್ಲಿ. ಅವರ ಕಾಲದಲ್ಲೇ ಅಚ್ಚಾದ ಅವರ ಬರಹಗಳ ಹಕ್ಕು 2024ರ ಡಿಸೆಂಬರ್ 31ಕ್ಕೆ ಮುಗಿಯಿತು. ಈಗ ಅವನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. 1970ರಲ್ಲಿ ತೀರಿಕೊಂಡ ಕಲಾವಿದರ ಚಿತ್ರಕ್ಕಾದರೆ 2030ರ ಕೊನೆಯವರೆಗೆ ಕಾಯಬೇಕು ಅಥವಾ ವಾರಸುದಾರರನ್ನು ಹುಡುಕಬೇಕು. ಫೋಟೊಗಳಿಗೆ ಮೊದಲು ಪ್ರಕಟವಾದ ವರ್ಷದಿಂದ ಲೆಕ್ಕ ಇತ್ತು, 2012ರ ತಿದ್ದುಪಡಿಯಿಂದ ಅವಕ್ಕೂ ತೆಗೆದವರು ತೀರಿಕೊಂಡ ಮೇಲೆ 60 ವರ್ಷ. ಯಾರು ಮಾಡಿದರು ಅಂತ ಹೆಸರಿಲ್ಲದ ಹ್ಯಾಂಡ್‌ಬಿಲ್ಲು, ಪೋಸ್ಟರಿಗೆ ಮಾತ್ರ ಪ್ರಕಟವಾದ ಮುಂದಿನ ವರ್ಷದಿಂದ ಲೆಕ್ಕ, ಅದೂ 60.

ಗ್ರಂಥಾಲಯಗಳಿಗೆ ಕಾಯ್ದೆಯ 52ನೇ ಕಲಂ ಕೆಲವು ರಿಯಾಯಿತಿ ಕೊಟ್ಟಿದೆ. ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನಲ್ಲಿರುವ ಕೃತಿಯನ್ನು ಉಳಿಸಿಕೊಳ್ಳಲು ಡಿಜಿಟಲ್ ಪ್ರತಿ ಮಾಡಿಟ್ಟುಕೊಳ್ಳಬಹುದು. ಎಂದೂ ಪ್ರಕಟವಾಗದ ಸಾಹಿತ್ಯ, ನಾಟಕ, ಸಂಗೀತದ ಬರಹ ಗ್ರಂಥಾಲಯದಲ್ಲಿದ್ದರೆ, ಬರೆದವರು ತೀರಿಕೊಂಡು 60 ವರ್ಷ ದಾಟಿದ ಮೇಲೆ, ಸಂಶೋಧನೆಗೆ ಅಥವಾ ಪ್ರಕಟಣೆಗೆ ನಕಲು ಮಾಡಬಹುದು. ಗಮನಿಸಿ, ಆ ಸಾಲಿನಲ್ಲಿ ಚಿತ್ರ, ಶಿಲ್ಪ ಸೇರಿಲ್ಲ. ವಿಮರ್ಶೆಗಾಗಿ ಚಿತ್ರ ಬಳಸಲೂ ಅವಕಾಶ ಇದೆ, ಆದರೆ ಮುಖಪುಟಕ್ಕೆ, ಪೂರ್ತಿ ಪುಟದ ಬಣ್ಣದ ಚಿತ್ರಕ್ಕೆ ಅದನ್ನೇ ನೆಚ್ಚಿಕೊಳ್ಳುವುದು ಅಪಾಯ.

ಹಳೆಯ ಕೃತಿಗಳಿಗೆ ಹಕ್ಕುಸ್ವಾಮ್ಯ ಮುಗಿದಿದ್ದರೂ ಅದನ್ನು ಇಟ್ಟುಕೊಂಡ ಸಂಸ್ಥೆಯ ನಿಯಮ ಇದ್ದೇ ಇರುತ್ತದೆ. ಗೋಳಗುಮ್ಮಟದ ಆವರಣದ ಮ್ಯೂಸಿಯಂ, ಬಾದಾಮಿಯ ಮ್ಯೂಸಿಯಂ ಎರಡೂ ಭಾರತೀಯ ಪುರಾತತ್ವ ಇಲಾಖೆಯವು. ಅಲ್ಲಿನ ವಸ್ತುವಿನ ಫೋಟೊ ಪುಸ್ತಕಕ್ಕೆ ಬೇಕೆಂದರೆ ಇಲಾಖೆಗೆ ಅರ್ಜಿ ಹಾಕಬೇಕು. ಮೊಬೈಲಿನಲ್ಲಿ ತೆಗೆದದ್ದನ್ನು ಅಚ್ಚು ಹಾಕಿಬಿಡುವುದು ಬೇಡ. ಈ ವಿಷಯದಲ್ಲಿ ಹೊರದೇಶದ ಕೆಲವು ಮ್ಯೂಸಿಯಂಗಳು ನಮಗಿಂತ ಉದಾರಿಗಳು. ಮೆಟ್ರೊಪಾಲಿಟನ್ ಮ್ಯೂಸಿಯಂ 2017ರ ಫೆಬ್ರವರಿಯಿಂದ ಹಕ್ಕು ಮುಗಿದ ಕೃತಿಗಳ ಚಿತ್ರಗಳನ್ನು ಯಾರು ಬೇಕಾದರೂ, ಮಾರುವ ಪುಸ್ತಕಕ್ಕೂ, ಪುಕ್ಕಟೆ ಬಳಸಲು ಬಿಟ್ಟಿದೆ. ಆದಿಲ್‌ಶಾಹಿ ಸುಲ್ತಾನರನ್ನೆಲ್ಲ ಒಂದೇ ಹಾಳೆಯಲ್ಲಿ ಕೂರಿಸಿದ, 1680ರ ಸುಮಾರಿನ 'ಹೌಸ್ ಆಫ್ ಬಿಜಾಪುರ' ಚಿತ್ರ ಇರುವುದು ಅಲ್ಲೇ. ವಿಜಯಪುರದಲ್ಲಿ ಕೂತವರಿಗೆ ನಮ್ಮೂರ ಮ್ಯೂಸಿಯಮ್ಮಿನ ಚಿತ್ರಕ್ಕಿಂತ ನ್ಯೂಯಾರ್ಕಿನ ಚಿತ್ರ ಬೇಗ ಸಿಗುತ್ತದೆ. ವಿಚಿತ್ರ ಅಲ್ವಾ?

ಒಂದು ಉಪಾಯ: ವಸ್ತುಗಳ ಪಟ್ಟಿಯಲ್ಲೇ ಇನ್ನೆರಡು ಕಾಲಮ್ ಸೇರಿಸಿ. ಹಕ್ಕುದಾರರು ಯಾರು, ಒಪ್ಪಿಗೆ ಪತ್ರ ಬಂದಿದೆಯೋ ಇಲ್ಲವೋ. ಪತ್ರದಲ್ಲಿ 'ಪುಸ್ತಕಕ್ಕೆ' ಅಂತ ಮಾತ್ರ ಬರೆಸಿಕೊಂಡರೆ ನಾಳೆ ಇ-ಪುಸ್ತಕಕ್ಕೆ, ಇಂಗ್ಲಿಷ್ ಅನುವಾದಕ್ಕೆ ಮತ್ತೆ ಅವರ ಮನೆ ಬಾಗಿಲಿಗೆ ಹೋಗಬೇಕು. ಒಂದೇ ಸಲಕ್ಕೆ ಎಲ್ಲ ಬರೆಸಿಕೊಳ್ಳಿ.

ಪ್ರಕಾಶಕರ ಜೊತೆಗಿನ ಕರಾರಿನಲ್ಲೂ ಇದೇ ಎಚ್ಚರ ಬೇಕು. ಹಕ್ಕನ್ನು ಎಷ್ಟು ವರ್ಷಕ್ಕೆ ವಹಿಸಿಕೊಡುತ್ತಿದ್ದೀರಿ ಅಂತ ಬರೆಯದಿದ್ದರೆ ಕಾಯ್ದೆ ಅದನ್ನು 5 ವರ್ಷ ಅಂತ ಎಣಿಸುತ್ತದೆ. ಯಾವ ಪ್ರದೇಶಕ್ಕೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಚಿತ್ರಗಳ ಶುಲ್ಕ ಯಾರು ಕಟ್ಟುತ್ತಾರೆ ಅನ್ನುವ ಸಾಲನ್ನು ಹುಡುಕಿ ಓದಿ. ಎಷ್ಟೋ ಕರಾರುಗಳಲ್ಲಿ ಅದು ಲೇಖಕರ ತಲೆಗೇ ಬರುತ್ತದೆ.

ಅಚ್ಚಿನ ಮನೆಯಲ್ಲಿ

ಚಿತ್ರ ಅಚ್ಚಿಗೆ ಹೋಗುವಾಗ, ಪುಸ್ತಕದಲ್ಲಿ ಬರುವ ಅಳತೆಯಲ್ಲೇ, 300 ಡಿಪಿಐ (ಒಂದು ಇಂಚಿಗೆ 300 ಚುಕ್ಕೆ) ಇರಬೇಕು. ವಾಟ್ಸ್ಯಾಪಿನಲ್ಲಿ ಬಂದ ಚಿತ್ರ ಕೆಲಸಕ್ಕೆ ಬರುವುದಿಲ್ಲ, ಅದು ಕಳಿಸುವಾಗಲೇ ಕುಗ್ಗಿರುತ್ತದೆ. ಫೋಟೊ ತೆಗೆಯುವಾಗ ವಸ್ತುವಿನ ಪಕ್ಕ ಬಣ್ಣದ ಪಟ್ಟಿ, ಅಳತೆಯ ಪಟ್ಟಿ ಇಟ್ಟು ತೆಗೆಸಿ. ಇಳಕಲ್ ಸೀರೆಯ ಸೆರಗಿನ ಕೆಂಪು ಅಚ್ಚಿನಲ್ಲಿ ಕಿತ್ತಳೆ ಆಗಿಬಿಟ್ಟರೆ ಆ ಪುಸ್ತಕ ನೋಡಿ ಯಾವ ನೇಕಾರರೂ ಒಪ್ಪುವುದಿಲ್ಲ.

ಖರ್ಚಿನ ಲೆಕ್ಕ ನಿಂತಿರುವುದು ಫಾರ್ಮಿನ ಮೇಲೆ. ಸಾಮಾನ್ಯ ಅಳತೆಯ ಪುಸ್ತಕದಲ್ಲಿ ಒಂದು ಫಾರ್ಮ್ ಅಂದರೆ 16 ಪುಟ. ಬಣ್ಣದ ಚಿತ್ರಗಳನ್ನು ಪುಸ್ತಕದ ತುಂಬ ಚೆಲ್ಲಿದರೆ ಪ್ರತಿ ಫಾರ್ಮೂ ನಾಲ್ಕು ಬಣ್ಣದ್ದಾಗುತ್ತದೆ. ಒಂದೇ ಕಡೆ 16 ಅಥವಾ 32 ಪುಟ ಆರ್ಟ್ ಪೇಪರಿನಲ್ಲಿ ಕೂಡಿಸಿದರೆ ಉಳಿದದ್ದು ಕಪ್ಪು-ಬಿಳುಪಿನಲ್ಲಿ ಹೋಗುತ್ತದೆ, ಖರ್ಚು ಬಹಳ ಇಳಿಯುತ್ತದೆ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನೇ ನಂಬಿಕೊಂಡು ಬಣ್ಣದ ಪುಸ್ತಕ ತರಬೇಡಿ. ಅಲ್ಲಿ ಪುಟದ ಲೆಕ್ಕದ ದರ, ಆರ್ಟ್ ಪೇಪರಿನ ಖರ್ಚು ಅದರಲ್ಲಿ ಹುಟ್ಟುವುದಿಲ್ಲ.

ಡಿಟಿಪಿಯವರಿಗೆ ಮೊದಲೇ ಒಂದು ಮಾತು ಹೇಳಿಬಿಡಿ: ಪಠ್ಯ ಯೂನಿಕೋಡಿನಲ್ಲೇ ಇರಲಿ. ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಟೈಪ್ ಮಾಡಿ ಮಾಡಿದ ಪಿಡಿಎಫ್ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ, ಒಳಗೆ ಹುಡುಕಿದರೆ ಒಂದು ಹೆಸರೂ ಸಿಗುವುದಿಲ್ಲ. ಸಂಗ್ರಹದ ಪುಸ್ತಕವನ್ನು ಯಾರೂ ಮೊದಲಿನಿಂದ ಕೊನೆಯವರೆಗೆ ಓದುವುದಿಲ್ಲ, ಹುಡುಕುತ್ತಾರೆ. ಹಾಗಾಗಿ ಪದಸೂಚಿ ಕೂಡ ಬೇಕೇ ಬೇಕು: ಕಲಾವಿದರ ಹೆಸರು, ಊರು, ನಮೂನೆ, ಅಕ್ಸೆಶನ್ ನಂಬರು. ಕನ್ನಡ ಪುಸ್ತಕಗಳಲ್ಲಿ ಪದಸೂಚಿಯನ್ನು 'ಟೈಮ್ ಇಲ್ಲ' ಅಂತ ಬಿಟ್ಟುಬಿಡುತ್ತಾರೆ. ಕವನ ಸಂಕಲನದಲ್ಲಿ ಬಿಡಲಿ, ಕ್ಯಾಟಲಾಗಿನಲ್ಲಿ ಬಿಟ್ಟರೆ ಪುಸ್ತಕವೇ ಕುರುಡು.

ನೀವೇ ಪ್ರಕಟಿಸುವುದಾದರೆ ಐಎಸ್‌ಬಿಎನ್, ಅಂದರೆ ಪುಸ್ತಕದ ಅಂತರರಾಷ್ಟ್ರೀಯ ಗುರುತಿನ ನಂಬರು ಬೇಕು. ಅದನ್ನು ಕೊಡುವುದು ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಏಜೆನ್ಸಿ, ಪುಕ್ಕಟೆ. ನಡುವೆ ಯಾರಾದರೂ ದುಡ್ಡು ಕೇಳಿದರೆ ಅದು ಅವರ ಸೇವೆಗೆ, ನಂಬರಿಗಲ್ಲ. ಪುಸ್ತಕ ಹೊರಬಂದ 30 ದಿನದೊಳಗೆ, 1954ರ ಕಾಯ್ದೆಯ ಪ್ರಕಾರ, ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ, ಚೆನ್ನೈ, ಮುಂಬೈ, ದೆಹಲಿಯ ಗೊತ್ತುಪಡಿಸಿದ ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ಪ್ರಕಾಶಕರು ತಮ್ಮ ಖರ್ಚಿನಲ್ಲಿ ಕಳಿಸಬೇಕು. ಸಂಗ್ರಹ ಇರುವ ಗ್ರಂಥಾಲಯಕ್ಕೆ ಎರಡು ಪ್ರತಿ ಕೊಡಿ: ಒಂದು ಓದುಗರ ಕಪಾಟಿಗೆ, ಇನ್ನೊಂದು ವಸ್ತುಗಳಿರುವ ಕೋಣೆಗೆ. ಆ ಎರಡನೆಯ ಪ್ರತಿಯ ಅಂಚಿನಲ್ಲಿ ತಪ್ಪುಗಳನ್ನು, ಹೊಸದಾಗಿ ಬಂದ ವಸ್ತುಗಳನ್ನು ಪೆನ್ಸಿಲ್ಲಿನಲ್ಲಿ ಗುರುತು ಹಾಕಲು ಗ್ರಂಥಪಾಲಕರಿಗೆ ಹೇಳಿ. ಎರಡನೆಯ ಮುದ್ರಣದ ಕರಡು ಶುರುವಾಗುವುದು ಅದರಿಂದಲೇ. ಮೂಲ ಎಕ್ಸೆಲ್ ಹಾಳೆ, ಫೋಟೊಗಳ ಮೂಲ ಫೈಲುಗಳು, ಒಪ್ಪಿಗೆ ಪತ್ರಗಳ ಜೆರಾಕ್ಸ್ ಕೂಡ ಒಂದು ಹಾರ್ಡ್‌ಡಿಸ್ಕು, ಒಂದು ಫೈಲಿನಲ್ಲಿ ಅಲ್ಲೇ ಇರಲಿ. ಆ ಫೈಲಿಗೂ ಒಂದು ಅಕ್ಸೆಶನ್ ನಂಬರು ಹಾಕಿಸಿ.